ಬಾಸ್ ಮೀನಿನ ಕೃತಕ ಎರೆ: ಬಣ್ಣಕ್ಕಿಂತ ಮೊದಲು ಆಳ

ಟೆಕ್ಸಾಸಿನ ಯಾವುದೇ ದೊಡ್ಡ ಮೀನುಗಾರಿಕೆ ಅಂಗಡಿಗೆ ಹೋದರೂ ಕೃತಕ ಎರೆಗಳಿಗೆಂದೇ ಉದ್ದುದ್ದದ ಸಾಲುಗಳಿರುತ್ತವೆ. ಒಂದೇ ಅಚ್ಚಿನ ಪ್ಲಾಸ್ಟಿಕ್ ಹುಳು ಹತ್ತಾರು ಬಣ್ಣಗಳಲ್ಲಿ ತೂಗಾಡುತ್ತಿರುತ್ತದೆ. ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ಬಾಸ್ ಮೀನು ಹಿಡಿಯುವ ಈ ಹವ್ಯಾಸಕ್ಕೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು ಯಾವ ಬಣ್ಣದ್ದನ್ನು ಕೊಳ್ಳಬೇಕು ಎಂದು. ನನ್ನ ಅನುಭವದಲ್ಲಿ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೀನು ಈಗ ಎಷ್ಟು ಆಳದಲ್ಲಿದೆ, ಇಂದಿನ ನೀರಿನಲ್ಲಿ ಅದು ಎಷ್ಟು ವೇಗದ ಬೇಟೆಯನ್ನು ಬೆನ್ನಟ್ಟಲು ಸಿದ್ಧವಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಎರೆಯ ಆಯ್ಕೆ ಬಹುಪಾಲು ಮುಗಿದಂತೆಯೇ ಸರಿ.

ಇದಕ್ಕೆ ಕಾರಣ ಮೀನಿನ ಸ್ವಭಾವದಲ್ಲಿದೆ. ಅಮೆರಿಕದ ಸಿಹಿನೀರಿನ ದೊಡ್ಡಬಾಯಿಯ ಬಾಸ್, ಹೆಸರಿನಲ್ಲಿ ಬಾಸ್ ಎಂದಿದ್ದರೂ, ಸನ್‌ಫಿಶ್ ಕುಟುಂಬಕ್ಕೆ ಸೇರಿದ್ದು. ಅದು ಬಹುಮಟ್ಟಿಗೆ ಹೊಂಚುಹಾಕಿ ಹಿಡಿಯುವ ಮೀನು. ಮುಳುಗಿದ ಮರದ ಬೊಡ್ಡೆ, ನೀರಸಸ್ಯಗಳ ಅಂಚು, ದೋಣಿಕಟ್ಟೆಯ ನೆರಳು ಇಂಥ ಕಡೆ ನಿಂತು, ಹತ್ತಿರ ಬಂದ ಬೇಟೆಯನ್ನು ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಒಳಗೆ ಬಂದದ್ದು ಆಹಾರವಲ್ಲ ಎಂದು ತಿಳಿದರೆ ಅಷ್ಟೇ ಬೇಗ ಉಗುಳಿಬಿಡುತ್ತದೆ. ದಡದಲ್ಲಿರುವ ನಮಗೆ ಅದು ಬಾಯಿ ಹಾಕಿದ್ದೂ ಗೊತ್ತಾಗದೆ ಹೋಗಬಹುದು. ಹಾಗಾಗಿ ಎರೆ ಅದರ ಕಣ್ಣಳತೆಯಲ್ಲಿ ಸರಿಯಾದ ಆಳದಲ್ಲಿ ಹಾದುಹೋಗಬೇಕು, ಅದಕ್ಕೆ ಹಿಡಿಸುವ ವೇಗದಲ್ಲಿ ಚಲಿಸಬೇಕು, ಬಾಯಿ ಹಾಕಿದ ಕ್ಷಣ ನಮ್ಮ ಕೈಗೆ ತಿಳಿಯಬೇಕು. ಇಷ್ಟೂ ಕೂಡಿಬರದಿದ್ದರೆ ಬಣ್ಣ ಎಷ್ಟು ಸೊಗಸಾಗಿದ್ದರೂ ಪ್ರಯೋಜನವಿಲ್ಲ.

ನಾನು ಇವನ್ನೆಲ್ಲ ಕಲಿತದ್ದು ಬಹುಪಾಲು ಡಲ್ಲಾಸಿನ ಪೂರ್ವಕ್ಕಿರುವ ಲೇಕ್ ಫೋರ್ಕ್ ಜಲಾಶಯದಲ್ಲಿ. 1980ರಲ್ಲಿ ನೀರು ತುಂಬತೊಡಗಿದ ಈ ಜಲಾಶಯ ಸುಮಾರು 27,000 ಎಕರೆ ವಿಸ್ತಾರವಾದದ್ದು. ನೀರು ನಿಲ್ಲಿಸುವಾಗ ಕಾಡಿನ ಮರಗಳನ್ನು ಬಹಳಷ್ಟು ಕಡೆ ಹಾಗೆಯೇ ಬಿಟ್ಟಿದ್ದರಿಂದ ಒಣಗಿದ ಬೊಡ್ಡೆಗಳು ಇಂದಿಗೂ ನೀರಿನಿಂದ ತಲೆಯೆತ್ತಿ ನಿಂತಿವೆ. ಬೇಗ ದೊಡ್ಡದಾಗಿ ಬೆಳೆಯುವ ಫ್ಲೋರಿಡಾ ತಳಿಯ ಬಾಸ್ ಮರಿಗಳನ್ನು ಇಲ್ಲಿ ಮೊದಲಿನಿಂದಲೂ ಬಿಟ್ಟಿದ್ದಾರೆ. ಟೆಕ್ಸಾಸಿನ ಈಗಿನ ದಾಖಲೆಯ ಬಾಸ್ ಕೂಡ ಇಲ್ಲಿಯದೇ. 1992ರ ಜನವರಿಯಲ್ಲಿ ಸಿಕ್ಕ ಅದರ ತೂಕ 18.18 ಪೌಂಡ್. ಆ ಮೀನು ಸಿಕ್ಕಿದ್ದು ಕೃತಕ ಎರೆಗಲ್ಲ, ಜೀವಂತ ಪುಟ್ಟ ಮೀನಿಗೆ ಎಂಬುದನ್ನೂ ಹೇಳಬೇಕು. ಜೀವಂತ ಎರೆ ಪರಿಣಾಮಕಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ನಾನು ಕೃತಕ ಎರೆಯನ್ನೇ ಮೆಚ್ಚುತ್ತೇನೆ. ಏಕೆಂದರೆ ಅದರಿಂದ ಹೆಚ್ಚು ನೀರನ್ನು ಬೇಗ ಹುಡುಕಬಹುದು, ಕೊಕ್ಕೆ ಸಾಮಾನ್ಯವಾಗಿ ಬಾಯಿಯ ಅಂಚಿನಲ್ಲೇ ನಾಟುವುದರಿಂದ ಮೀನನ್ನು ಕ್ಷೇಮವಾಗಿ ಬಿಡಬಹುದು, ಎಲ್ಲಕ್ಕಿಂತ ಮಿಗಿಲಾಗಿ ಜೀವವಿಲ್ಲದ ವಸ್ತುವಿಗೆ ಜೀವದ ಚಲನೆ ಕೊಡುವ ಕೆಲಸ ನಮ್ಮ ಕೈಯಲ್ಲಿರುತ್ತದೆ.

ಆಳವನ್ನು ನಿರ್ಧರಿಸುವುದು ಮುಖ್ಯವಾಗಿ ನೀರಿನ ಉಷ್ಣತೆ. ಫೆಬ್ರವರಿಯ ಕೊನೆಯಲ್ಲಿ ನೀರು 55 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿಗೆ ಬಂದಾಗ ಬಾಸ್‌ಗಳು ಆಳದಿಂದ ಕೊಲ್ಲಿಗಳ ಬಾಯಿಯತ್ತ ಸರಿಯುತ್ತವೆ. 60ರಿಂದ 70 ಡಿಗ್ರಿಯ ನಡುವೆ ಹೆಚ್ಚು ಆಳವಿಲ್ಲದ ತೆಳುನೀರಿನ ಗಟ್ಟಿ ತಳದಲ್ಲಿ ಗೂಡು ಮಾಡಿ ಮೊಟ್ಟೆಯಿಡುತ್ತವೆ. ಬೇಸಿಗೆಯ ನಡುಹಗಲಿನಲ್ಲಿ ದೊಡ್ಡ ಮೀನುಗಳಲ್ಲಿ ಹಲವು ಹಳೆಯ ತೊರೆಯ ಪಾತ್ರದ ಅಂಚಿಗೆ, ಮುಳುಗಿದ ರಸ್ತೆಗಳಿಗೆ, ದಿಬ್ಬಗಳಿಗೆ ಇಳಿದುಬಿಡುತ್ತವೆ. ಆದರೆ ಆಗ ಎಷ್ಟು ಆಳಕ್ಕೆ ಹೋದರೂ ಸಿಗುತ್ತವೆ ಎಂದಲ್ಲ: ಬಿಸಿನೀರಿನ ಪದರ ಮೇಲೆ, ತಣ್ಣನೆಯ ಪದರ ಕೆಳಗೆ ಬೇರೆಬೇರೆಯಾಗಿ ನಿಂತುಬಿಡುವ ಕಾಲದಲ್ಲಿ ಕೆಳಪದರದಲ್ಲಿ ಆಮ್ಲಜನಕ ತೀರಾ ಕಡಿಮೆಯಾಗುವುದರಿಂದ ಮೀನುಗಳು ಆ ಗಡಿಯಿಂದ ಮೇಲೆಯೇ ಇರುತ್ತವೆ. ಶರತ್ಕಾಲದಲ್ಲಿ ಶ್ಯಾಡ್ ಎಂಬ ಸಣ್ಣ ಮೀನಿನ ಹಿಂಡುಗಳು ಕೊಲ್ಲಿಗಳೊಳಗೆ ನುಗ್ಗುತ್ತವೆ, ಅವುಗಳ ಹಿಂದೆಯೇ ಬಾಸ್ ಕೂಡ ಬರುತ್ತವೆ.

ವೇಗವನ್ನು ನಿರ್ಧರಿಸುವುದೂ ಉಷ್ಣತೆಯೇ, ಜೊತೆಗೆ ಹವಾಮಾನ. ತಣ್ಣನೆಯ ನೀರಿನಲ್ಲಿ ಮೀನಿನ ಶರೀರಕ್ರಿಯೆಯೇ ನಿಧಾನವಾಗುವುದರಿಂದ ಅದು ದೂರ ಓಡಿ ಹಿಡಿಯುವ ಗೋಜಿಗೆ ಹೋಗುವುದಿಲ್ಲ. ಮೋಡ ಕವಿದು ಗಾಳಿ ಬೀಸುವ ದಿನ ತೆರೆದ ನೀರಿಗೆ ಬಂದು ಬೆನ್ನಟ್ಟುವ ಮೀನೇ, ಚಳಿಗಾಳಿ ಬಂದುಹೋದ ಮರುದಿನದ ನಿರ್ಮಲ ನೀಲಿ ಆಕಾಶದ ಕೆಳಗೆ ಬೊಡ್ಡೆಗೆ ಅಂಟಿಕೊಂಡು ಕೂರುತ್ತದೆ. ಅಂಥ ದಿನ ಸಣ್ಣ ಎರೆ, ನಿಧಾನ ಚಲನೆ, ಬೊಡ್ಡೆಯ ಬುಡಕ್ಕೇ ಬೀಳುವ ಎಸೆತ ಬೇಕು.

ಇನ್ನು ಎರೆಗಳ ವಿಷಯ. ಒಂದನ್ನು ಮಾತ್ರ ಇಟ್ಟುಕೊಂಡು ಉಳಿದೆಲ್ಲವನ್ನೂ ಬಿಡಬೇಕೆಂದರೆ ನಾನು ಪ್ಲಾಸ್ಟಿಕ್ ಹುಳುವನ್ನೇ ಇಟ್ಟುಕೊಳ್ಳುತ್ತೇನೆ. ಓಹಾಯೋದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಅವರು 1949ರಲ್ಲಿ ಮಾರುಕಟ್ಟೆಗೆ ತಂದ ಮೆತ್ತನೆಯ ಹುಳು ಮುಂದೆ ಬಾಸ್ ಮೀನುಗಾರಿಕೆಯ ಸ್ವರೂಪವನ್ನೇ ಬದಲಿಸಿತು. ಅವರ ಉದ್ಯಮ ಬಳಿಕ ನೆಲೆಗೊಂಡ ಟೈಲರ್ ನಗರ ಲೇಕ್ ಫೋರ್ಕಿಗೆ ಹೆಚ್ಚು ದೂರವಿಲ್ಲ. ಈ ಹುಳುವನ್ನು ಕಟ್ಟುವ ಪ್ರಸಿದ್ಧ ವಿಧಾನ ಟೆಕ್ಸಾಸ್ ರಿಗ್. ಬಂದೂಕಿನ ಗುಂಡಿನಾಕಾರದ, ನಡುವೆ ತೂತಿರುವ ತೂಕವನ್ನು ಮೊದಲು ದಾರಕ್ಕೆ ಪೋಣಿಸಿ, ಆಮೇಲೆ ಅಗಲ ಬಾಗಿನ ಕೊಕ್ಕೆಯನ್ನು ಕಟ್ಟಬೇಕು. ಕೊಕ್ಕೆಯ ಮೊನೆಯನ್ನು ಹುಳುವಿನ ತಲೆಯಲ್ಲಿ ಕಾಲಿಂಚಿನಷ್ಟು ಚುಚ್ಚಿ ಪಕ್ಕದಿಂದ ಹೊರತೆಗೆದು, ಕೊಕ್ಕೆಯನ್ನು ತಿರುಗಿಸಿ, ಮೊನೆಯನ್ನು ಮತ್ತೆ ಮೈಯೊಳಗೆ ಅಡಗಿಸಬೇಕು. ಮೊನೆ ಹೊರಗೆ ಕಾಣದ ಕಾರಣ ಅದು ಬೊಡ್ಡೆಗಳ ನಡುವೆಯೂ ಕಳೆಗಳ ನಡುವೆಯೂ ಸಿಕ್ಕಿಕೊಳ್ಳದೆ ಹಾದುಹೋಗುತ್ತದೆ. ಹುಳು ನೇರವಾಗಿ ಕೂತಿದೆಯೇ ಎಂದು ನೋಡಿಕೊಳ್ಳುವುದು ಅತ್ಯಗತ್ಯ. ಒಂದಿಷ್ಟು ಸುಕ್ಕುಗಟ್ಟಿದರೂ ನೀರಿನಲ್ಲಿ ಗಿರಗಿರನೆ ಸುತ್ತಿ ದಾರವನ್ನು ತಿರುಚುತ್ತದೆ. 7 ಇಂಚಿನ ಹುಳುವಿಗೆ 3/0 ಅಥವಾ 4/0 ಅಳತೆಯ ಕೊಕ್ಕೆ ಹೊಂದುತ್ತದೆ.

ತೂಕದ ಆಯ್ಕೆಯನ್ನು ಅನೇಕರು ಎಸೆತದ ದೂರಕ್ಕೆ ಸಂಬಂಧಿಸಿದ್ದೆಂದು ಭಾವಿಸುತ್ತಾರೆ. ನಿಜದಲ್ಲಿ ಅದು ಹುಳು ಕೆಳಗಿಳಿಯುವ ಗತಿಯ ಆಯ್ಕೆ. ತಳ ಮುಟ್ಟಿದ್ದು ಕೈಗೆ ತಿಳಿಯುವಷ್ಟು ಭಾರವಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ತೆಳುನೀರಿಗೆ ಎಂಟನೇ ಒಂದು ಔನ್ಸ್, ಹತ್ತು ಅಡಿಯ ಆಸುಪಾಸಿಗೆ ಕಾಲು ಔನ್ಸ್, ಗಾಳಿ ಜೋರಾಗಿದ್ದರೆ ಅಥವಾ ನೀರು ಇನ್ನೂ ಆಳವಾಗಿದ್ದರೆ ಅರ್ಧ ಔನ್ಸ್ ಎಂಬುದು ನಾನು ಅನುಸರಿಸುವ ಲೆಕ್ಕ. ಬಾಸ್ ಬಹಳ ಸಲ ಬಾಯಿ ಹಾಕುವುದು ಎರೆ ಕೆಳಗೆ ಬೀಳುತ್ತಿರುವಾಗ. ಆದ್ದರಿಂದ ಎಸೆದ ಕೂಡಲೇ ದಾರ ಸುತ್ತತೊಡಗುವವರು ಉತ್ತಮ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ. ಎರೆ ನೀರಿಗೆ ಬಿದ್ದ ಮೇಲೆ ದಾರವನ್ನು ಪೂರ್ತಿ ಬಿಗಿಯೂ ಅಲ್ಲದ, ಪೂರ್ತಿ ಸಡಿಲವೂ ಅಲ್ಲದ ಸ್ಥಿತಿಯಲ್ಲಿ ಬಿಟ್ಟು, ದಾರ ನೀರಿಗೆ ಸೇರುವ ಜಾಗವನ್ನು ನೋಡುತ್ತಿರಬೇಕು. ದಾರ ಪಕ್ಕಕ್ಕೆ ಸರಿದರೆ, ಚಿಕ್ಕದಾಗಿ ಒಮ್ಮೆ ಜಿಗಿದರೆ, ತಳ ಮುಟ್ಟುವ ಹೊತ್ತಿಗೆ ಮೊದಲೇ ಸಡಿಲವಾದರೆ ಮೀನು ಬಾಯಿ ಹಾಕಿದೆ ಎಂದೇ ತಿಳಿಯಬೇಕು.

ತಳ ಮುಟ್ಟಿದ ಬಳಿಕ ದಾರ ಸುತ್ತುವ ರೀಲಿನಿಂದಲ್ಲ, ಗಾಳದ ಕೋಲಾದ ರಾಡಿನಿಂದ ಎರೆಯನ್ನು ನಡೆಸಬೇಕು. ರಾಡಿನ ತುದಿಯನ್ನು ಗಡಿಯಾರದ ಒಂಬತ್ತು ಗಂಟೆಯ ಸ್ಥಾನದಿಂದ ಹನ್ನೊಂದರವರೆಗೆ ಮೆಲ್ಲಗೆ ಎತ್ತಿ, ಮತ್ತೆ ಇಳಿಸುತ್ತಾ ಸಡಿಲವಾದ ದಾರವನ್ನಷ್ಟೇ ರೀಲಿಗೆ ಸುತ್ತಿಕೊಳ್ಳಬೇಕು. ಹುಳು ಬೊಡ್ಡೆಯ ಕೊಂಬೆಯನ್ನು ಏರಿ ಆಚೆ ಬೀಳುವ ಜಾಗದಲ್ಲಿ ತಡೆದು, ಅಲ್ಲಿಯೇ ಒಂದೆರಡು ಸಲ ಅಲುಗಾಡಿಸಿ, ಬಿಟ್ಟುಬಿಡುವುದು ನನಗೆ ಅತ್ಯಂತ ಪ್ರಿಯವಾದ ಕ್ರಮ. ಕಚ್ಚಿದ್ದು ತಿಳಿದಾಗ ಗಾಬರಿಯಿಂದ ಎಳೆಯದೆ, ಮೊದಲು ರಾಡನ್ನು ತಗ್ಗಿಸಿ ಸಡಿಲ ದಾರವನ್ನು ಸುತ್ತಿಕೊಂಡು, ಆಮೇಲೆ ಬಲವಾಗಿ ಮೇಲಕ್ಕೆತ್ತಬೇಕು. ಕೊಕ್ಕೆ ಮೊದಲು ಪ್ಲಾಸ್ಟಿಕ್ಕನ್ನು, ಆಮೇಲೆ ಗಟ್ಟಿ ದವಡೆಯನ್ನು ದಾಟಬೇಕಾದ್ದರಿಂದ ಇಲ್ಲಿ ಅರೆಮನಸ್ಸು ಒಗ್ಗುವುದಿಲ್ಲ. ಮೀನು ತೀರಾ ಹಿಂಜರಿಯುವ ದಿನಗಳಲ್ಲಿ ತೂಕವನ್ನೇ ತೆಗೆದು, ಉಪ್ಪು ಬೆರೆತ ದಪ್ಪನೆಯ ಸೆಂಕೊ ಮಾದರಿಯ ಹುಳುವನ್ನು ಬಳಸುತ್ತೇನೆ. ಉಪ್ಪಿನ ಭಾರದಿಂದಲೇ ಅದು ಅಡ್ಡವಾಗಿ, ಎರಡೂ ತುದಿ ನಡುಗಿಸುತ್ತಾ, ಸಾವಕಾಶವಾಗಿ ಇಳಿಯುತ್ತದೆ. ಇಲ್ಲಿ ಮೀನುಗಾರ ಮಾಡಬೇಕಾದ ಕೆಲಸವೆಂದರೆ ಏನೂ ಮಾಡದೆ ಕಾಯುವುದು.

ಕ್ರ್ಯಾಂಕ್‌ಬೈಟ್ ಇದಕ್ಕೆ ತದ್ವಿರುದ್ಧ. ಮೂತಿಯಲ್ಲಿ ಪಾರದರ್ಶಕ ತುಟಿಯಿರುವ ಈ ಗಟ್ಟಿ ಎರೆ ದಾರ ಸುತ್ತಿದಂತೆಲ್ಲ ಕೆಳಗೆ ಮುಳುಗುತ್ತದೆ. ತುಟಿ ಉದ್ದವಾದಷ್ಟೂ ಹೆಚ್ಚು ಆಳಕ್ಕೆ ಹೋಗುತ್ತದೆ. ದಾರ ತೆಳುವಾದರೆ, ಎಸೆತ ದೂರವಾದರೆ ಇನ್ನಷ್ಟು ಆಳ ಸಿಗುತ್ತದೆ. ನೀರಿನ ಆಳಕ್ಕಿಂತ ಒಂದೆರಡು ಅಡಿ ಹೆಚ್ಚು ಮುಳುಗಬಲ್ಲದ್ದನ್ನೇ ಆರಿಸಬೇಕು. ಏಕೆಂದರೆ ಸುಮ್ಮನೆ ನೀರಿನ ನಡುವೆ ಈಜುವ ಕ್ರ್ಯಾಂಕ್‌ಬೈಟಿಗಿಂತ ತಳವನ್ನು ಕೆದಕಿ, ಕಲ್ಲಿಗೋ ಬೊಡ್ಡೆಗೋ ಬಡಿದು ಪಕ್ಕಕ್ಕೆ ಚಿಮ್ಮುವ ಕ್ರ್ಯಾಂಕ್‌ಬೈಟಿಗೆ ಮೀನು ಹೆಚ್ಚು ಬೀಳುತ್ತದೆ. ಬಡಿದ ಕೂಡಲೇ ಸುತ್ತುವುದನ್ನು ಒಂದು ಗಳಿಗೆ ನಿಲ್ಲಿಸಿದರೆ ಅದು ತೇಲುತ್ತಾ ಮೇಲೇಳುತ್ತದೆ, ಕಚ್ಚುವುದು ಆಗಲೇ. ತುಟಿಯಿಲ್ಲದ, ಒಳಗೆ ಗುಂಡುಗಳು ಗಲಗಲಿಸುವ ರ‍್ಯಾಟ್-ಎಲ್-ಟ್ರ್ಯಾಪ್ ಮಾದರಿಯ ಎರೆ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಪೂರ್ವ ಟೆಕ್ಸಾಸಿನ ಮೀನುಗಾರರ ಮೆಚ್ಚಿನದು, ಅದರಲ್ಲೂ ಸೀಗಡಿಯನ್ನು ಹೋಲುವ ಕ್ರಾಫಿಶ್‌ನ ಕೆಂಪು ಬಣ್ಣದ್ದು. ಮುಳುಗಿದ ಹುಲ್ಲಿನ ತುದಿಗೆ ತಾಗುವಂತೆ ಎಳೆದು, ಸಿಕ್ಕಿಕೊಂಡಾಗ ರಾಡಿನಿಂದ ಚಟ್ಟನೆ ಬಿಡಿಸಬೇಕು. ಹುಲ್ಲಿನಿಂದ ಹೊರಚಿಮ್ಮುವ ಆ ಕ್ಷಣದಲ್ಲಿಯೇ ಬಾಸ್ ಎರಗುತ್ತದೆ. ಮೂರು ಮೊನೆಯ ಸಣ್ಣ ಕೊಕ್ಕೆಗಳಿರುವ ಈ ಎರೆಗಳಿಗೆ ಬಲವಾದ ಎಳೆತ ಬೇಡ. ಬಾಗುವ ರಾಡ್ ಹಿಡಿದು ಪಕ್ಕಕ್ಕೆ ಎಳೆದರೆ ಸಾಕು.

ತಂತಿಯ ತೋಳಿನಲ್ಲಿ ತಿರುಗುವ ತಗಡಿರುವ ಎರೆ ಸ್ಪಿನ್ನರ್‌ಬೈಟ್; ಅದರಲ್ಲಿ ನೋಡಬೇಕಾದ್ದು ತಗಡಿನ ಆಕಾರ. ದುಂಡನೆಯ ಕೊಲರಾಡೊ ತಗಡು ನೀರನ್ನು ಗುದ್ದುತ್ತದೆ, ಮೀನು ಆ ಕಂಪನವನ್ನು ಮೈಯ ಪಕ್ಕದ ಸಂವೇದನಾ ರೇಖೆಯಿಂದ ಗ್ರಹಿಸುತ್ತದೆ. ಆದ್ದರಿಂದ ಅದು ಕದಡಿದ ನೀರಿಗೆ ಸರಿ. ನೀಳ ಎಲೆಯಂತಹ ವಿಲೋ ತಗಡು ಮಿಂಚುತ್ತದೆ, ತಿಳಿನೀರಿಗೆ, ದಾರವನ್ನು ವೇಗವಾಗಿ ಸುತ್ತುವುದಕ್ಕೆ ಹೊಂದುತ್ತದೆ. ಚಳಿಗಾಲದ ತಿಳಿನೀರಿಗೆ ಪುಟ್ಟ ಮೀನಿನಂತೆ ನೀಳವಾದ ಗಟ್ಟಿ ಎರೆ, ಜರ್ಕ್‌ಬೈಟ್ ಇದೆ: ಎರಡು ಸಲ ಜಗ್ಗಿ ನಿಲ್ಲಿಸುವುದು, ನೀರು ತಣ್ಣಗಾದಷ್ಟೂ ನಿಲುಗಡೆಯನ್ನು ಹೆಚ್ಚಿಸುವುದು. ನೀರು 50 ಡಿಗ್ರಿಗಿಂತ ಕೆಳಗಿದ್ದಾಗ ಹತ್ತು ಸೆಕೆಂಡಿನವರೆಗೂ ಸುಮ್ಮನಿರಬೇಕಾಗುತ್ತದೆ.

ಮೇಲ್ಮೈ ಎರೆಗಳ ಸೊಗಸೇ ಬೇರೆ. ಬೆಳಗಿನ, ಸಂಜೆಯ ಮಂದ ಬೆಳಕಿನಲ್ಲಿ ಝಾರಾ ಸ್ಪೂಕ್ ಎಂಬ ಹಳೆಯ ಎರೆಯನ್ನು ಎಡಬಲಕ್ಕೆ ತಲೆಯಾಡಿಸುತ್ತಾ ನಡೆಸಲು ರಾಡಿನ ತುದಿಯಿಂದ ಚಿಕ್ಕ ಚಿಕ್ಕ ತಟ್ಟು ಕೊಟ್ಟು ಪ್ರತಿ ತಟ್ಟಿನ ನಂತರ ದಾರವನ್ನು ಸಡಿಲ ಬಿಡಬೇಕು. ದಾರ ಬಿಗಿಯಾಗಿದ್ದರೆ ಅದು ತಲೆ ತಿರುಗಿಸದೆ ನೇರ ಬಂದುಬಿಡುತ್ತದೆ. ನೀರು ಸಿಡಿದಾಗ ಎಳೆಯದೆ ಮೀನಿನ ಭಾರ ಕೈಗೆ ತಿಳಿಯುವವರೆಗೆ ತಾಳಬೇಕು. ಕಳೆಯ ಹಾಸಿನ ಮೇಲೆ ಎಳೆಯುವ ಟೊಳ್ಳು ಮೈಯ ಕಪ್ಪೆಗೂ ಇದೇ ನಿಯಮ. ಕರ್ನಾಟಕದ ಕಳೆ ತುಂಬಿದ ಕೆರೆಗಳಲ್ಲಿ ಕೊರವ ಮೀನು ಹಿಡಿಯುವವರು ಇಂದು ಬಳಸುತ್ತಿರುವುದೂ ಇದೇ ಬಗೆಯ ಕಪ್ಪೆಯನ್ನೇ; ಊರಿಗೆ ಹೋಗುವಾಗ ನಾನು ಕೆಲವನ್ನು ಗೆಳೆಯರಿಗೆಂದು ಒಯ್ಯುತ್ತೇನೆ.

ಕೊನೆಗೆ ಬಣ್ಣ. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಸ್‌ಗಳು ಕೆಂಪನ್ನೂ ಹಸಿರನ್ನೂ ಚೆನ್ನಾಗಿ ಗುರುತಿಸಿದವು. ಆದರೆ ಹಸಿರುಮಿಶ್ರಿತ ಹಳದಿಯನ್ನು ಬಿಳಿಯಿಂದಲೂ, ಕಡುನೀಲಿಯನ್ನು ಕಪ್ಪಿನಿಂದಲೂ ಬೇರ್ಪಡಿಸಿ ನೋಡಲು ತಡಕಾಡಿದವು. ಇನ್ನು ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಕೆಂಪು ಬೆಳಕು ಎಲ್ಲಕ್ಕಿಂತ ಮೊದಲು ಕಣ್ಮರೆಯಾಗುತ್ತದೆ. ಆದ್ದರಿಂದ ನನ್ನ ಪೆಟ್ಟಿಗೆಯಲ್ಲಿ ಬಣ್ಣಗಳು ಕಡಿಮೆ: ತಿಳಿನೀರಿಗೆ ಕಳೆಯೊಂದಿಗೆ ಬೆರೆಯುವ ಹಸಿರುಗಂದು, ಕದಡಿದ ನೀರಿಗೆ ಕಪ್ಪು-ನೀಲಿ, ಶ್ಯಾಡ್ ಹಿಂಡುಗಳಿದ್ದರೆ ಬಿಳಿ ಅಥವಾ ಬೆಳ್ಳಿ, ವಸಂತದ ಆರಂಭಕ್ಕೆ ಕೆಂಪು. ಇದರಿಂದ ಉಳಿದ ಹಣವನ್ನು ಬೇರೆಬೇರೆ ಆಳಗಳಿಗೆ ಇಳಿಯುವ ಎರೆಗಳಿಗೂ ಒಳ್ಳೆಯ ದಾರಕ್ಕೂ ಹಾಕುವುದು ಮೇಲು. ದಾರವೂ ಎರೆಯ ಭಾಗವೇ: ಫ್ಲೂರೋಕಾರ್ಬನ್ ದಾರ ಮುಳುಗುವುದರಿಂದ ತಳದ ಎರೆಗಳಿಗೆ ಅದು ಒಳ್ಳೆಯದು, ಮೇಲ್ಮೈ ಎರೆಗೆ ಅದನ್ನು ಕಟ್ಟಿದರೆ ಎರೆಯ ಮೂತಿಯನ್ನೇ ಕೆಳಗೆಳೆಯುತ್ತದೆ, ಅಲ್ಲಿಗೆ ಬೇಗ ಮುಳುಗದ ನೈಲಾನ್ ದಾರವೋ ತೇಲುವ ಹೆಣೆದ ದಾರವೋ ಬೇಕು.

ಮೀನು ಕೈಗೆ ಬಂದ ಮೇಲೆ ಒದ್ದೆ ಕೈಯಿಂದಲೇ ಹಿಡಿಯಿರಿ. ಒಣ ಕೈ ಅದರ ಮೈಯ ಲೋಳೆಯನ್ನು ಒರೆಸಿಹಾಕುತ್ತದೆ. ದೊಡ್ಡ ಮೀನನ್ನು ಕೆಳದವಡೆಯೊಂದರಿಂದಲೇ ನೇತಾಡಿಸದೆ ಇನ್ನೊಂದು ಕೈಯನ್ನು ಹೊಟ್ಟೆಯ ಕೆಳಗೆ ಆನಿಸಿ. ಮೂರು ಮೊನೆಯ ಕೊಕ್ಕೆಗಳನ್ನು ಬಿಡಿಸಲು ಉದ್ದ ಮೂತಿಯ ಇಕ್ಕುಳ ಜೊತೆಗಿರಲಿ. ಹರಿದ ಪ್ಲಾಸ್ಟಿಕ್ ಹುಳುಗಳನ್ನು ನೀರಿಗೆ ಎಸೆಯಬೇಡಿ, ಮೀನುಗಳು ಅವನ್ನು ನುಂಗುತ್ತವೆ. ಟೆಕ್ಸಾಸಿನಲ್ಲಿ 17 ವರ್ಷ ತುಂಬಿದವರು ಸಾಮಾನ್ಯವಾಗಿ ಪರವಾನಗಿ ಪಡೆದಿರಬೇಕು. ಲೇಕ್ ಫೋರ್ಕಿನಲ್ಲಂತೂ 16 ಇಂಚಿಗಿಂತ ಉದ್ದವಾದ, 24 ಇಂಚಿಗಿಂತ ಚಿಕ್ಕದಾದ ಬಾಸನ್ನು ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮ ಬಹುಕಾಲದಿಂದ ಇದೆ. ಹೊರಡುವ ಮೊದಲು ಆ ವರ್ಷದ ನಿಯಮವನ್ನು ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆಯ ಪ್ರಕಟಣೆಯಲ್ಲಿ ಓದಿಕೊಂಡು, ಅಳತೆಪಟ್ಟಿಯನ್ನು ಎರೆಯ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳಿ.