ಮೂರನೇ ಕಂತು ಮಾತ್ರ ಇಲ್ಲ

ನಿನ್ನೆ ರಾತ್ರಿ ಮತ್ತೆ ‘ದಿ ವೆಬ್ ಆಫ್ ಫಿಯರ್’ ನೋಡಿದೆ. ಬಿಬಿಸಿ ಟಿವಿಯ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ‘ಡಾಕ್ಟರ್ ಹೂ’ವಿನ 1968ರ ಕಥೆ, ಲಂಡನ್ನಿನ ಸುರಂಗ ರೈಲು ದಾರಿಯಲ್ಲಿ ಹಿಮಮಾನವರಂಥ ಯೇತಿಗಳು ಓಡಾಡುತ್ತವೆ. ಆ ಕಾಲದಲ್ಲಿ ಬಿಬಿಸಿಯವರು ಹಳೇ ಟೇಪ್ ಅಳಿಸಿ ಅದರ ಮೇಲೇ ಹೊಸದನ್ನು ತುಂಬುತ್ತಿದ್ದರು, ಹಾಗಾಗಿ ಹೊರದೇಶಗಳಿಗೆ ಕಳಿಸಿದ ಫಿಲ್ಮ್ ಪ್ರತಿಗಳೇ ಈಗ ಗತಿ. ಇದರ ಕಳೆದುಹೋಗಿದ್ದ ನಾಲ್ಕು ಕಂತು ನೈಜೀರಿಯಾದ ಜೋಸ್ ಊರಿನಲ್ಲಿ ಸಿಕ್ಕವು ಅಂತ 2013ರಲ್ಲಿ ಓದಿದಾಗ ಕುಣಿದುಬಿಟ್ಟಿದ್ದೆ.

ಮೂರನೆಯದು ಮಾತ್ರ ಇಲ್ಲ. ಮುಂದೆ ಧಾರಾವಾಹಿಯಲ್ಲಿ ಮತ್ತೆ ಮತ್ತೆ ಬರುವ ಸೇನಾಧಿಕಾರಿ ಲೆತ್‌ಬ್ರಿಜ್-ಸ್ಟುವರ್ಟ್ ಮುಖ ಮೊದಲು ಕಾಣುವ ಕಂತೇ ಅದು, ಹೊಟ್ಟೆ ಉರಿಯುತ್ತೆ ಅಲ್ವಾ? ಧ್ವನಿ ಉಳಿದಿದೆ, ಅಂದಿನ ಅಭಿಮಾನಿಗಳು ಮನೆಯಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿಟ್ಟಿದ್ದರಿಂದ. ದೀಪ ಆರಿಸಿ, ಟಿವಿ ಪರದೆಯಿಂದ ತೆಗೆದ ಕಪ್ಪುಬಿಳುಪು ಫೋಟೋಗಳ ಜೊತೆ ಸುಮ್ನೆ ಕೇಳುತ್ತಾ ಕೂತೆ. ಡಾಕ್ಟರ್ ಪಾತ್ರ ಮಾಡಿದ ಪ್ಯಾಟ್ರಿಕ್ ಟ್ರೌಟನ್ ದನಿ ಕೇಳಿದರೆ ಸಾಕು, ಮುಖ ತಾನಾಗೇ ಕಣ್ಣಮುಂದೆ ಬರುತ್ತೆ.