ಮೇಲ್‌ಬಾಕ್ಸ್ ಓಪನ್ ಆಗ್ತಿಲ್ವಾ? "48 ಗಂಟೆ ಕಾಯಿರಿ" ಅನ್ನೋ ಮೊದ್ಲು ಸ್ವಲ್ಪ ನೋಡಿ

ಮೇಲ್ ಐಡಿಗಳನ್ನ ಒಂದು ಡೊಮೇನ್‌ನಿಂದ ಇನ್ನೊಂದಕ್ಕೆ ಶಿಫ್ಟ್ ಮಾಡಿದ್ಮೇಲೆ ಯಾರಾದ್ರೂ ಫೋನ್ ಮಾಡಿ "ಸಾರ್, ಮೇಲ್ ಓಪನ್ ಆಗ್ತಿಲ್ಲ" ಅಂದ್ರೆ ನಮ್ಮ ಫೀಲ್ಡ್‌ನೋರ ಬಾಯಲ್ಲಿ ರೆಡಿ ಇರೋ ಉತ್ತರ ಒಂದೇ: ಡಿಎನ್ಎಸ್ (ಯಾವ ಡೊಮೇನ್‌ಗೆ ಯಾವ ಸರ್ವರ್ ಅಂತ ಹೇಳೋ ಇಂಟರ್ನೆಟ್‌ನ ಡೈರೆಕ್ಟರಿ) ಪ್ರೊಪಗೇಷನ್ ಆಗ್ತಿದೆ, ಅಂದ್ರೆ ಬದಲಾವಣೆ ಎಲ್ಲಾ ಕಡೆ ಹರಡ್ತಿದೆ, 24ರಿಂದ 48 ಗಂಟೆ ಕಾಯಿರಿ. ನಂಗೆ ಈ ಉತ್ತರ ಕಂಡ್ರೆ ಆಗಲ್ಲ. ಹತ್ತರಲ್ಲಿ ಎಂಟು ಸಲ ಡಿಎನ್ಎಸ್‌ಗೂ ಅದಕ್ಕೂ ಸಂಬಂಧನೇ ಇರಲ್ಲ, ಎರಡು ದಿನ ಅಲ್ಲ ಎರಡು ತಿಂಗಳು ಕಾದ್ರೂ ಅದು ಹಾಗೇ ಇರತ್ತೆ.

ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗ್ಬೇಕು ಅಂತ ಡಿಎನ್ಎಸ್‌ನಲ್ಲಿ ಹೇಳೋ ಎಮ್ಎಕ್ಸ್ ರೆಕಾರ್ಡ್‌ಗೆ ಟಿಟಿಎಲ್ ಅಂತ ಒಂದು ನಂಬರ್ ಇರತ್ತೆ, 3600 ಇದ್ರೆ ಒಂದು ಗಂಟೆ, 86400 ಇದ್ರೆ ಒಂದು ದಿನ, ಅಷ್ಟು ಸೆಕೆಂಡ್ ಬೇರೆಯವರ ಸರ್ವರ್‌ಗಳು ಹಳೇ ಉತ್ತರ ಇಟ್ಕೊಂಡಿರ್ತವೆ, ಮುಗಿದ್ಮೇಲೆ ಹೊಸದಾಗಿ ಕೇಳ್ತವೆ, ಅಷ್ಟೇ ಕಥೆ. 48 ಗಂಟೆಗೆ ಏನಾದ್ರೂ ಅರ್ಥ ಇದ್ರೆ ಅದು ಡೊಮೇನ್‌ನ ರೆಕಾರ್ಡ್‌ಗಳನ್ನ ಇಟ್ಕೊಂಡಿರೋ ನೇಮ್‌ಸರ್ವರ್‌ನೇ ಬದಲಾಯಿಸಿದಾಗ, ಡಾಟ್ ಕಾಮ್‌ನಲ್ಲಿ ನೇಮ್‌ಸರ್ವರ್ ಯಾವುದು ಅಂತ ಹೇಳೋ ರೆಕಾರ್ಡ್‌ಗಳ ಟಿಟಿಎಲ್ 172800 ಸೆಕೆಂಡ್, ಅಂದ್ರೆ ಸರಿಯಾಗಿ ಎರಡು ದಿನ. ಡಿಎನ್ಎಸ್ ಉತ್ತರ ತೋರಿಸೋ ಡಿಗ್ ಕಮಾಂಡ್ ಎರಡು ಸಲ ಓಡಿಸಿ ನೋಡಿ, ಟಿಟಿಎಲ್ 2911 ಅಂತ ಬಂದಿದ್ದು ಆಮೇಲೆ 2874 ಆಗಿದ್ರೆ ಅದು ಕ್ಯಾಶ್‌ನಿಂದ (ಮೊದಲೇ ಕೇಳಿ ಇಟ್ಕೊಂಡಿದ್ದರಿಂದ) ಬರ್ತಿರೋ ಉತ್ತರ, ಎಷ್ಟೊತ್ತು ಕಾಯ್ಬೇಕು ಅಂತ ಅದೇ ಹೇಳ್ತಿದೆ. (ಗೂಗಲ್‌ನ ಪಬ್ಲಿಕ್ ಡಿಎನ್ಎಸ್ 8.8.8.8ಗೆ ಕೇಳಿದ್ರೆ ನಂಬರ್ ಮೇಲೆ ಕೆಳಗೆ ಕುಣಿಯತ್ತೆ, ಆ ಒಂದು ಅಡ್ರೆಸ್ ಹಿಂದೆ ಬೇಕಾದಷ್ಟು ಸರ್ವರ್‌ಗಳಿವೆ, ಗಾಬರಿ ಆಗ್ಬೇಡಿ.) ಟಿಟಿಎಲ್‌ನ 300ಕ್ಕೆ ಇಳಿಸೋದಾದ್ರೆ ಒಂದೆರಡು ದಿನ ಮುಂಚೆನೇ ಇಳಿಸಿ, ಕಟ್‌ಓವರ್ (ಹೊಸದಕ್ಕೆ ಬದಲಾಯಿಸೋ) ರಾತ್ರಿ ಇಳಿಸಿದ್ರೆ ಹಳೇ ನಂಬರ್ ಆಗ್ಲೇ ಎಲ್ಲರ ಕ್ಯಾಶ್‌ನಲ್ಲೂ ಕೂತಿರತ್ತೆ.

ಇನ್ನೊಂದು, "ಇಲ್ಲ" ಅನ್ನೋ ಉತ್ತರನೂ ಕ್ಯಾಶ್ ಆಗತ್ತೆ. ಮೇಲ್ ಸೆಟ್ಟಿಂಗ್ ಎಲ್ಲಿ ಸಿಗತ್ತೆ ಅಂತ ಔಟ್‌ಲುಕ್‌ಗೆ ಹೇಳೋ ಆಟೋಡಿಸ್ಕವರ್ ರೆಕಾರ್ಡ್ ಹಾಕೋಕ್ ಮುಂಚೆನೇ ಯಾರೋ ಉತ್ಸಾಹದಲ್ಲಿ ಔಟ್‌ಲುಕ್ ಕಾನ್ಫಿಗರ್ ಮಾಡೋಕೆ ಹೋದ್ರೆ, ಆಫೀಸ್‌ನ ರಿಸಾಲ್ವರ್ (ಡಿಎನ್ಎಸ್ ಉತ್ತರ ಹುಡುಕಿ ಕೊಡೋ ಸರ್ವರ್) "ಅಂಥ ಹೆಸರೇ ಇಲ್ಲ" ಅಂತ ನೆನಪಿಟ್ಕೊಳ್ಳತ್ತೆ. ಎಷ್ಟೊತ್ತು ಅನ್ನೋದು ಆ ಡೊಮೇನ್‌ನ ಎಸ್ಒಎ ಅನ್ನೋ ಡಿಎನ್ಎಸ್ ರೆಕಾರ್ಡ್ ಮೇಲೆ ಡಿಪೆಂಡ್. ಅದಕ್ಕೇ ಮನೆಯಿಂದ ಟ್ರೈ ಮಾಡಿದ್ರೆ ಆಗತ್ತೆ, ಆಫೀಸ್‌ನಲ್ಲಿ ಆಗಲ್ಲ ಅನ್ನೋ ಕಂಪ್ಲೇಂಟ್ ಬರೋದು.

ಈಚೆಗೆ ಪೀಣ್ಯದಲ್ಲಿ ಒಂದು ಆಫೀಸ್‌ದು ಮಾಡಿದ್ವಿ. ಸಣ್ಣ ಕಂಪನಿ, ದೊಡ್ಡೋರು ಕೊಂಡ್ಕೊಂಡ್ರು, ಎಲ್ಲರ ಐಡಿನೂ ದೊಡ್ಡೋರ ಡೊಮೇನ್‌ಗೆ ಹೋಗ್ಬೇಕು, ಎರಡೂ ಕಡೆ ಮೈಕ್ರೋಸಾಫ್ಟ್ 365ನೇ ಆದ್ರೆ ಬೇರೆ ಬೇರೆ ಟೆನೆಂಟ್ (ಪ್ರತಿ ಕಂಪನಿಗೂ ಇರೋ ಅದರದ್ದೇ ಪ್ರತ್ಯೇಕ ಖಾತೆ). ಶನಿವಾರ ರಾತ್ರಿ ಕಟ್‌ಓವರ್ ಆಯ್ತು, ಸೋಮವಾರ ಬೆಳಗ್ಗೆ ಅರ್ಧ ಆಫೀಸ್ ಆರಾಮಾಗಿ ಮೇಲ್ ನೋಡ್ತಿದೆ, ಇನ್ನರ್ಧಕ್ಕೆ ಪಾಸ್‌ವರ್ಡ್ ಬಾಕ್ಸ್ ಬರತ್ತೆ, ಹಾಕಿದ್ರೆ ಮತ್ತೆ ಬರತ್ತೆ, ಮತ್ತೆ ಹಾಕಿದ್ರೆ ಮತ್ತೆ.

ಇಂಥ ಟೈಮಲ್ಲಿ ಫಸ್ಟು ಬ್ರೌಸರ್‌ನಲ್ಲಿ ಓಪನ್ ಮಾಡ್ಸಿ, ಇನ್‌ಕಾಗ್ನಿಟೋ ವಿಂಡೋಲಿ, ಇಲ್ಲಾಂದ್ರೆ ಹಳೇ ಲಾಗಿನ್‌ಗೇ ಎಳ್ಕೊಂಡು ಹೋಗತ್ತೆ. ಅಲ್ಲೂ ಬರ್ಲಿಲ್ಲ ಅಂದ್ರೆ ಮೇಲ್‌ಬಾಕ್ಸೇ ಇನ್ನೂ ರೆಡಿ ಇಲ್ಲ, ಲೈಸೆನ್ಸ್ ಹಾಕಿದ ತಕ್ಷಣ ಲಾಗಿನ್ ಏನೋ ಆಗತ್ತೆ ಆದ್ರೆ ಹಿಂದೆ ಎಕ್ಸ್‌ಚೇಂಜ್‌ನಲ್ಲಿ (ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್) ಮೇಲ್ ಡಬ್ಬ ತಯಾರಾಗೋಕೆ ಅದರದ್ದೇ ಟೈಮ್ ಬೇಕು, ಲೋಕಲ್ ಆಕ್ಟಿವ್ ಡೈರೆಕ್ಟರಿಯಿಂದ (ಆಫೀಸ್ ಸರ್ವರ್‌ನಲ್ಲಿರೋ ಯೂಸರ್‌ಗಳ ಪಟ್ಟಿ) ಸಿಂಕ್ ಇದ್ರೆ ಅದು ಓಡೋದೇ 30 ನಿಮಿಷಕ್ಕೊಂದ್ಸಲ. ಇದಕ್ಕೆ ಮಾತ್ರ ಕಾಯೋದು ಸರಿ. ಬ್ರೌಸರ್‌ನಲ್ಲಿ ಬಂತು ಅಂದ್ರೆ ಸರ್ವರ್ ಕಡೆ ಕೈ ಹಾಕ್ಬೇಡಿ, ತೊಂದ್ರೆ ಇರೋದು ಆ ಕಂಪ್ಯೂಟರ್‌ನಲ್ಲಿ.

ಪೀಣ್ಯದಲ್ಲಿ ಎಲ್ಲರಿಗೂ ಬ್ರೌಸರ್‌ನಲ್ಲಿ ಬರ್ತಿತ್ತು. ಒದ್ದಾಡ್ತಿದ್ದೋರು ಹಳೇ ಡೆಸ್ಕ್‌ಟಾಪ್ ಔಟ್‌ಲುಕ್‌ನೋರು. ಟಾಸ್ಕ್‌ಬಾರ್ ಮೂಲೇಲಿರೋ ಔಟ್‌ಲುಕ್ ಐಕಾನ್ ಮೇಲೆ ಕಂಟ್ರೋಲ್ ಒತ್ಕೊಂಡು ರೈಟ್ ಕ್ಲಿಕ್ ಮಾಡಿದ್ರೆ "ಟೆಸ್ಟ್ ಇಮೇಲ್ ಆಟೋಕಾನ್ಫಿಗರೇಷನ್" ಅಂತ ಒಂದು ಮೆನು ಬರತ್ತೆ, ತುಂಬಾ ಜನಕ್ಕೆ ಗೊತ್ತಿಲ್ಲ, ಅದರ ಲಾಗ್ ಟ್ಯಾಬ್ ಚಿನ್ನ. ಅದ್ರಲ್ಲಿ ನೋಡಿದ್ರೆ ಔಟ್‌ಲುಕ್ ಆಟೋಡಿಸ್ಕವರ್ ಹೆಸರಿನ ಹತ್ರ ಹೋಗೋಕ್ ಮುಂಚೆ ಬರೀ ಡೊಮೇನ್ ಹೆಸರಿಗೆ ಹೋಗಿ ಕೇಳ್ತಿತ್ತು, ಅಲ್ಲಿರೋದು ಕಂಪನಿ ವೆಬ್‌ಸೈಟ್, ಶೇರ್ಡ್ ಹೋಸ್ಟಿಂಗ್, ಸಿಪ್ಯಾನೆಲ್ (ಹೋಸ್ಟಿಂಗ್ ಸರ್ವರ್ ನೋಡ್ಕೊಳ್ಳೋ ಸಾಫ್ಟ್‌ವೇರ್). ಸಿಪ್ಯಾನೆಲ್ ಸುಮ್ನಿರತ್ತಾ, "ಬನ್ನಿ, ಮೇಲ್ ಇಲ್ಲೇ ಇದೆ, ಪಾಸ್‌ವರ್ಡ್ ಕೊಡಿ" ಅನ್ನತ್ತೆ. ಜನ ಹೊಸ ಪಾಸ್‌ವರ್ಡ್ ಕೊಡ್ತಿದ್ದಿದ್ದು ಸಂಬಂಧನೇ ಇಲ್ಲದ ಸರ್ವರ್‌ಗೆ! ವಿಂಡೋಸ್ ಸೆಟ್ಟಿಂಗ್‌ಗಳಿರೋ ರಿಜಿಸ್ಟ್ರಿಲಿ ಔಟ್‌ಲುಕ್‌ನ ಆಟೋಡಿಸ್ಕವರ್ ಕೀ ಕೆಳಗೆ ಎಕ್ಸ್‌ಕ್ಲೂಡ್‌ಎಚ್‌ಟಿಟಿಪಿಎಸ್‌ರೂಟ್‌ಡೊಮೇನ್ ಅಂತ (ExcludeHttpsRootDomain) ಡಿವರ್ಡ್, ಅಂದ್ರೆ ನಂಬರ್ ಇಡೋ ಒಂದು ಸೆಟ್ಟಿಂಗ್, ಹಾಕಿ 1 ಕೊಟ್ವಿ, ಬರೀ ಡೊಮೇನ್ ಹೆಸರಿಗೆ ಹೋಗ್ಬೇಡ ಅಂತ, ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿದ್ದ ಹಳೇ ಎಂಟ್ರಿ ತೆಗೆದ್ವಿ, ಕಂಟ್ರೋಲ್ ಪ್ಯಾನೆಲ್‌ನ ಮೇಲ್‌ನಲ್ಲಿ ಹೊಸ ಪ್ರೊಫೈಲ್ ಮಾಡಿದ್ವಿ, ಓಪನ್ ಆಯ್ತು. ಹಳೇ ಪ್ರೊಫೈಲ್‌ನೇ ರಿಪೇರಿ ಮಾಡ್ತೀನಿ ಅಂತ ಕೂರೋದು ಟೈಮ್ ವೇಸ್ಟ್. ಹೊಸ ಪ್ರೊಫೈಲ್‌ನಲ್ಲಿ ಒಎಸ್‌ಟಿ ಫೈಲ್ (ಕಂಪ್ಯೂಟರ್‌ನಲ್ಲಿರೋ ಮೇಲ್‌ಬಾಕ್ಸ್‌ನ ನಕಲು) ಮೊದಲಿಂದ ಇಳಿಯತ್ತೆ, ದೊಡ್ಡ ಮೇಲ್‌ಬಾಕ್ಸ್ ಆದ್ರೆ "ಹಳೇ ಮೇಲ್ ಎಲ್ಲಾ ಹೋಯ್ತು" ಅಂತ ಫೋನ್ ಬರತ್ತೆ, ಹೋಗಿಲ್ಲ, ಇಳೀತಿದೆ, ಅಷ್ಟೇ.

ಅದೇ ಸಿಪ್ಯಾನೆಲ್‌ನ ಇನ್ನೊಂದು ಕಿತಾಪತಿ. ವೆಬ್‌ಸೈಟ್‌ನ ಎನ್‌ಕ್ವೈರಿ ಫಾರ್ಮ್‌ನಿಂದ ಬರೋ ಮೇಲ್ ಮಾತ್ರ ಯಾರಿಗೂ ಬರ್ತಿಲ್ಲ, ಬೌನ್ಸೂ ಆಗ್ತಿಲ್ಲ. ಅಲ್ಲಿ ಇಮೇಲ್ ರೂಟಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಅದು ಲೋಕಲ್ ಅಂತಿದ್ರೆ ಆ ಸರ್ವರ್ ಎಮ್ಎಕ್ಸ್ ನೋಡೋ ಗೋಜಿಗೇ ಹೋಗಲ್ಲ, ತನ್ನ ಹತ್ರಾನೇ ಇರೋ ಹಳೇ ಮೇಲ್‌ಬಾಕ್ಸ್‌ಗೆ ಹಾಕಿಬಿಡತ್ತೆ. ರಿಮೋಟ್ ಅಂತ ಮಾಡಿದ ಮೇಲೆ ಸರಿಹೋಯ್ತು. ಯಾರೂ ಲಾಗಿನ್ ಆಗದ ಆ ಡಬ್ಬದಲ್ಲಿ ಎಷ್ಟು ಎನ್‌ಕ್ವೈರಿ ಕೊಳೀತಿತ್ತೋ, ಸೇಲ್ಸ್‌ನೋರ ಮುಖ ನೋಡ್ಬೇಕಿತ್ತು.

ಮೇಲ್ ಓಪನ್ ಆದ್ಮೇಲೂ ಒಂದೆರಡು ದಿನ ಸಣ್ಣಪುಟ್ಟ ಕಿರಿಕಿರಿ ಇರತ್ತೆ. ಹೊಸಬರ ಹೆಸರು ಔಟ್‌ಲುಕ್ ಅಡ್ರೆಸ್ ಬುಕ್‌ನಲ್ಲಿ ಕಾಣಲ್ಲ, ಆಫ್‌ಲೈನ್ ಅಡ್ರೆಸ್ ಬುಕ್ ಇಳಿಯೋದು 24 ಗಂಟೆಗೊಂದ್ಸಲ. ತಮ್ಮ ತಮ್ಮಲ್ಲೇ ಕಳಿಸಿದ್ದ ಹಳೇ ಮೇಲ್‌ಗೆ ರಿಪ್ಲೈ ಮಾಡಿದ್ರೆ ಐಎಮ್‌ಸಿಇಎಇಎಕ್ಸ್ ಅಂತ ಶುರುವಾಗೋ ಭಯಂಕರ ಬೌನ್ಸ್ ಬರತ್ತೆ, ಎಕ್ಸ್‌ಚೇಂಜ್ ಒಳಗೆ ಬಳಸೋ ಹಳೇ ಅಡ್ರೆಸ್‌ನ ಹೊಸ ಮೇಲ್‌ಬಾಕ್ಸ್‌ಗೆ ಎಕ್ಸ್500 ಅನ್ನೋ ಥರದ ಹೆಚ್ಚುವರಿ ಅಡ್ರೆಸ್ ಆಗಿ ಸೇರಿಸಿದ್ರೆ ನಿಲ್ಲತ್ತೆ.

ಹಳೇ ಡೊಮೇನ್‌ನ ಹೊಸ ಟೆನೆಂಟ್‌ಗೆ ತರೋದಿದ್ಯಲ್ಲ, ಅದು ಬೇರೆ ತಲೆನೋವು. ಒಂದು ಡೊಮೇನ್ ಒಂದ್ಸಲಕ್ಕೆ ಒಂದೇ ಟೆನೆಂಟ್‌ನಲ್ಲಿರೋಕೆ ಸಾಧ್ಯ, ಹಳೇ ಕಡೆ ಯಾವುದೋ ಮರೆತುಹೋದ ಗ್ರೂಪ್‌ಗೋ ಶೇರ್ಡ್ ಮೇಲ್‌ಬಾಕ್ಸ್‌ಗೋ ಆ ಹೆಸರು ಅಂಟ್ಕೊಂಡಿದ್ರೂ ಬಿಡಲ್ಲ. ಬಿಟ್ಟು ಸೇರಿಸೋ ನಡುವಿನ ಹೊತ್ತಲ್ಲಿ ಬರೋ ಮೇಲ್‌ಗಳ ಗತಿ? ಕಳಿಸೋ ಸರ್ವರ್‌ಗೆ 4ರಿಂದ ಶುರುವಾಗೋ ಎರರ್ ಬಂದ್ರೆ ಅಥವಾ ಸರ್ವರೇ ಸಿಗದಿದ್ರೆ ಅದು ಮತ್ತೆ ಮತ್ತೆ ಟ್ರೈ ಮಾಡ್ತಿರತ್ತೆ, ಸ್ಟ್ಯಾಂಡರ್ಡ್ ಪ್ರಕಾರ ಕಡಿಮೆ ಅಂದ್ರೂ ನಾಲ್ಕೈದು ದಿನ ಟ್ರೈ ಮಾಡೋದು ಬಿಡಬಾರದು. 5ರಿಂದ ಶುರುವಾಗೋ ಎರರ್ ಬಂತೋ, ತಕ್ಷಣ ಬೌನ್ಸ್. ಹಾಗಾಗಿ ಆ ಹೊತ್ತಿಗೆ ಎಮ್ಎಕ್ಸ್‌ನ ಬೇಕಂತಲೇ ಯಾರೂ ಉತ್ತರ ಕೊಡದ ಕಡೆ ತಿರುಗಿಸಿಡ್ತಾರೆ, ಕಳಿಸೋರ ಕ್ಯೂನಲ್ಲೇ ಕಾಯ್ಲಿ ಅಂತ.

ಆಮೇಲೆ ಖರ್ಚು ಉಳಿಸೋಕೆ ಅಂತ ಹಳೇ ಡೊಮೇನ್ ರಿನ್ಯೂ ಮಾಡೋದು ನಿಲ್ಲಿಸ್ಬೇಡಿ ದಯವಿಟ್ಟು. ಜಿಎಸ್‌ಟಿ ಪೋರ್ಟಲ್, ಬ್ಯಾಂಕು, ಡೊಮೇನ್ ರಿಜಿಸ್ಟ್ರಾರ್ ಎಲ್ಲಾ ಕಡೆ ಹಳೇ ಐಡಿನೇ ಇರತ್ತೆ, ನೀವು ಬಿಟ್ಟ ಡೊಮೇನ್ ಬೇರೆ ಯಾರಾದ್ರೂ ತಗೊಂಡ್ರೆ ನಿಮ್ಮ ಪಾಸ್‌ವರ್ಡ್ ರಿಸೆಟ್ ಮೇಲ್ ಹೋಗೋದು ಅವರಿಗೆ.