ಎಂಬತ್ತು ಸಾವಿರ ಜನರನ್ನು ಸೇರಿಸುವ ಊರಿನಿಂದ

ಜರ್ಮನಿಯ ರೂರ್ ಸೀಮೆಯಲ್ಲಿರುವ ಡೋರ್ಟ್ಮುಂಡ್ ಸುಮಾರು ಆರು ಲಕ್ಷ ಜನರ ಊರು. ನಮ್ಮ ಕಡೆಯ ಲೆಕ್ಕದಲ್ಲಿ ದೊಡ್ಡ ನಗರವೇನೂ ಅಲ್ಲ. ಅಂಥ ಊರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 81,365 ಮಂದಿಗೆ ಜಾಗವಿದೆ, ಮತ್ತು ಬೊರುಸಿಯಾ ಡೋರ್ಟ್ಮುಂಡ್ ತಂಡ ಇಲ್ಲಿ ಲೀಗ್ ಪಂದ್ಯ ಆಡುವಾಗಲೆಲ್ಲ ಅದು ಹೆಚ್ಚುಕಡಿಮೆ ಭರ್ತಿಯಾಗಿರುತ್ತದೆ. ಉದ್ಯೋಗದ ನಿಮಿತ್ತ ಇಲ್ಲಿ ನೆಲೆಸಿರುವ ನನ್ನನ್ನು ಊರಿನ ಬಂಧುಗಳು ಈ ಬಗ್ಗೆ ಕೇಳುವುದುಂಟು: ಅಲ್ಲಿಯವರಿಗೆ ಫುಟ್‌ಬಾಲ್ ಹುಚ್ಚು ಅಷ್ಟೊಂದು ಇದೆಯೇ ಎಂದು. ಹುಚ್ಚು ಇರುವುದು ನಿಜ. ಆದರೆ ಹುಚ್ಚೊಂದರಿಂದಲೇ ಗ್ಯಾಲರಿ ತುಂಬುವುದಿಲ್ಲ ಎಂಬುದಕ್ಕೆ ಇದೇ ದೇಶದ ಚರಿತ್ರೆ ಸಾಕ್ಷಿಯಾಗಿದೆ.

1971ರಲ್ಲಿ ಆಟಗಾರರು ಲಂಚ ಪಡೆದು ಪಂದ್ಯ ಬಿಟ್ಟುಕೊಟ್ಟ ಹಗರಣ ಬಯಲಾದ ಮೇಲೆ ಇಲ್ಲಿಯ ಪ್ರಥಮ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದ ಸರಾಸರಿ ಪ್ರೇಕ್ಷಕರ ಸಂಖ್ಯೆ ಹದಿನಾರು ಸಾವಿರದ ಆಸುಪಾಸಿಗೆ ಕುಸಿದಿತ್ತು, 1980ರ ದಶಕದ ಮಧ್ಯದಲ್ಲೂ ಅದು ಇಪ್ಪತ್ತು ಸಾವಿರ ಮುಟ್ಟಲು ಹೆಣಗುತ್ತಿತ್ತು. ಆಗಲೂ ಇದೇ ಜನ, ಇದೇ ಆಟ. 2011-12ರ ಹೊತ್ತಿಗೆ ಅದೇ ಸರಾಸರಿ 44 ಸಾವಿರವನ್ನು ದಾಟಿ ಜಗತ್ತಿನ ಫುಟ್‌ಬಾಲ್ ಲೀಗ್‌ಗಳಲ್ಲೇ ಮೊದಲ ಸ್ಥಾನಕ್ಕೆ ಬಂದಿತು. 2006ರ ವಿಶ್ವಕಪ್‌ಗಾಗಿ ಕಟ್ಟಿದ ಮತ್ತು ನವೀಕರಿಸಿದ ಕ್ರೀಡಾಂಗಣಗಳು ಇದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡದ್ದು ಡೋರ್ಟ್ಮುಂಡ್ ಕ್ರೀಡಾಂಗಣದ ದಕ್ಷಿಣ ಗ್ಯಾಲರಿಯಲ್ಲಿ.

ಆ ಗ್ಯಾಲರಿಯಲ್ಲಿ ಸುಮಾರು 25 ಸಾವಿರ ಜನ ಪಂದ್ಯದುದ್ದಕ್ಕೂ ನಿಂತೇ ಇರುತ್ತಾರೆ. ಹಳದಿ ಅಂಗಿಗಳ ಆ ಸಮೂಹಕ್ಕೆ ‘ಹಳದಿ ಗೋಡೆ’ ಎಂದೇ ಹೆಸರು. ಮೆಟ್ಟಿಲುಗಳು ಎಷ್ಟು ಕಡಿದಾಗಿವೆ ಎಂದರೆ ಮುಂದಿನವರ ತಲೆ ನಮ್ಮ ಕಣ್ಣಿಗೆ ಅಡ್ಡ ಬರುವುದಿಲ್ಲ; ಮೈದಾನದ ಸುತ್ತ ಓಟದ ಪಥವಿಲ್ಲದ ಕಾರಣ ಗೋಲ್ ಕಂಬಗಳು ಕೈಗೆಟುಕುವಷ್ಟು ಹತ್ತಿರವೆನಿಸುತ್ತವೆ. ಪಕ್ಕದಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ನಿಂತಿರಬಹುದು, ಹಿಂದೆ ಕಾಲೇಜು ವಿದ್ಯಾರ್ಥಿಗಳಿರಬಹುದು. ಅವರೆಲ್ಲರೂ ಅಲ್ಲಿಗೆ ಬರಲು ಸಾಧ್ಯವಾಗಿರುವುದು ಬೆಲೆಯಿಂದ: ನಿಂತು ನೋಡುವ ಜಾಗದ ಇಡೀ ಸೀಸನ್ನಿನ ಟಿಕೆಟ್ಟು, ಅಂದರೆ ಹದಿನೇಳು ಲೀಗ್ ಪಂದ್ಯಗಳಿಗೆ ಸೇರಿ, ಸುಮಾರು 250 ಯೂರೋ. ಇಲ್ಲಿಯ ಸಂಬಳಗಳನ್ನು ನೋಡಿದರೆ ಇದು ಹೊರೆಯಲ್ಲ.

ಇಂಗ್ಲೆಂಡ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು, ಹಿಡಿಯಲು ಬಲವಾದ ಕಾರಣವೂ ಇತ್ತು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದ ನಿಲ್ಲುವ ಗ್ಯಾಲರಿಯಲ್ಲಿ ಆದ ನೂಕುನುಗ್ಗಲು 97 ಜನರನ್ನು ಬಲಿ ತೆಗೆದುಕೊಂಡಿತು. ಅದರ ತನಿಖೆ ನಡೆಸಿದ ಟೇಲರ್ ವರದಿಯ ನಂತರ ದೊಡ್ಡ ಕ್ಲಬ್‌ಗಳ ಕ್ರೀಡಾಂಗಣಗಳು ಪೂರ್ತಿ ಆಸನಗಳಿಗೆ ಬದಲಾದವು, ಕ್ರಮೇಣ ಟಿಕೆಟ್ ದರವೂ ಏರಿತು. ಜರ್ಮನರು ನಿಲ್ಲುವ ಜಾಗವನ್ನು ಉಳಿಸಿಕೊಂಡು, ಅದನ್ನು ಸುರಕ್ಷಿತವಾಗಿಸಲು ಪ್ರಯತ್ನಿಸಿದರು. ಅಲೆಯಾಗಿ ಬರುವ ತಳ್ಳಾಟವನ್ನು ತಡೆಯಲು ಮೆಟ್ಟಿಲುಗಳ ನಡುವೆ ಕಬ್ಬಿಣದ ಅಡ್ಡಕಂಬಿಗಳಿವೆ, ಟಿಕೆಟ್ಟಿನಲ್ಲಿ ದ್ವಾರ ಮತ್ತು ವಿಭಾಗ ನಮೂದಾಗಿರುತ್ತದೆ, ಒಂದೊಂದು ವಿಭಾಗಕ್ಕೂ ಇಷ್ಟೇ ಜನ ಎಂಬ ಮಿತಿಯಿದೆ. ಬಾಗಿಲುಗಳನ್ನು ಬಹಳ ಮುಂಚೆಯೇ ತೆರೆಯುವುದರಿಂದ ಜನ ಒಮ್ಮೆಲೇ ಬಂದು ಮುತ್ತುವುದಿಲ್ಲ. ಪಂದ್ಯದ ಟಿಕೆಟ್ಟಿನಲ್ಲೇ ಸುತ್ತಲಿನ ಪ್ರದೇಶದ ರೈಲು, ಟ್ರಾಮ್, ಬಸ್ಸುಗಳ ಪ್ರಯಾಣವೂ ಸೇರಿರುವ ಕಾರಣ ಬಹುಪಾಲು ಮಂದಿ ಕಾರನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ವಿಜಯೋತ್ಸವಕ್ಕೆಂದು ಬಂದಿದ್ದ 11 ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಕಳೆದುಕೊಂಡ ಸುದ್ದಿಯನ್ನು ಇಲ್ಲಿ ಕುಳಿತು ಓದಿದ ದಿನದಿಂದ ಈ ಕಂಬಿಗಳನ್ನೂ ದ್ವಾರಸಂಖ್ಯೆಗಳನ್ನೂ ನಾನು ಬೇರೆಯೇ ಕಣ್ಣಿನಿಂದ ನೋಡುತ್ತಿದ್ದೇನೆ. ಅಲ್ಲಿಗೆ ಬಂದವರ ಸಂತೋಷಕ್ಕೂ ಇಲ್ಲಿಯವರ ಸಂತೋಷಕ್ಕೂ ವ್ಯತ್ಯಾಸವಿರಲಿಲ್ಲ. ಇಲ್ಲಿ ಯಾರು, ಎಷ್ಟು ಹೊತ್ತಿಗೆ, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಕಡಿಮೆ ದರ ಉಳಿದುಕೊಂಡಿರುವುದಕ್ಕೆ ಮಾಲೀಕತ್ವದ ನಿಯಮವೂ ಕಾರಣ. 1998ರಿಂದ ಇಲ್ಲಿ ‘50+1’ ನಿಯಮ ಜಾರಿಯಲ್ಲಿದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವೃತ್ತಿಪರ ಕ್ಲಬ್ಬಿನ ಬಹುಮತದ ಅಧಿಕಾರ ಅದರ ಸದಸ್ಯರ ಸಂಘದ ಕೈಯಲ್ಲಿಯೇ ಇರಬೇಕು. ಹೀಗಾಗಿ ಪ್ರೇಕ್ಷಕರ ಮಾತಿಗೆ ತೂಕವಿದೆ, ಅವರು ಅದನ್ನು ಬಳಸಿಕೊಳ್ಳುತ್ತಲೂ ಇದ್ದಾರೆ. 2012ರ ಡಿಸೆಂಬರಿನಲ್ಲಿ ಹೊಸ ಭದ್ರತಾ ನಿಯಮಗಳನ್ನು ವಿರೋಧಿಸಿ ದೇಶದ ಹಲವು ಗ್ಯಾಲರಿಗಳು ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡುಗಳ ಕಾಲ ಮೌನವಾಗಿದ್ದವು. ಸೋಮವಾರ ರಾತ್ರಿಯ ಪಂದ್ಯಗಳಿಂದ ಕೆಲಸಕ್ಕೆ ಹೋಗುವವರಿಗೆ ತೊಂದರೆ ಎಂದು ವರ್ಷಗಟ್ಟಲೆ ಪ್ರತಿಭಟಿಸಿದ ಮೇಲೆ, 2021-22ರಿಂದ ಪ್ರಥಮ ದರ್ಜೆಯಲ್ಲಿ ಅವುಗಳನ್ನು ಕೈಬಿಡಲಾಯಿತು. 2024ರ ಆರಂಭದಲ್ಲಿ, ಪ್ರಸಾರದ ಆದಾಯದಲ್ಲಿ ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡುವ ಯೋಜನೆಯ ವಿರುದ್ಧ ವಾರಗಟ್ಟಲೆ ಟೆನಿಸ್ ಚೆಂಡುಗಳು ಮೈದಾನಕ್ಕೆ ಬಿದ್ದು ಪಂದ್ಯಗಳು ನಿಂತವು. ಫೆಬ್ರವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು. ಆಟ ನಿಲ್ಲಿಸುವುದು ನನಗೆ ಹಿಡಿಸುವ ವಿಧಾನವಲ್ಲ, ಆದರೂ ಅವರ ವಾದ ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ.

ಗೆದ್ದಾಗ ಮಾತ್ರ ಬರುವ ಜನರಲ್ಲ ಇವರು. 2005ರಲ್ಲಿ ಡೋರ್ಟ್ಮುಂಡ್ ಕ್ಲಬ್ ದಿವಾಳಿಯ ಅಂಚಿಗೆ ಬಂದಾಗಲೂ ಇಲ್ಲಿಯ ಸರಾಸರಿ ಎಪ್ಪತ್ತು ಸಾವಿರಕ್ಕಿಂತ ಕೆಳಗಿಳಿಯಲಿಲ್ಲ. ನೆರೆಯ ಗೆಲ್ಸೆನ್‌ಕಿರ್ಶೆನ್‌ನ ಶಾಲ್ಕೆ ತಂಡ ಎರಡನೇ ದರ್ಜೆಗೆ ಬಿದ್ದು, 2023-24ರಲ್ಲಿ ಅಲ್ಲಿಂದಲೂ ಕೆಳಗೆ ಜಾರುವ ಭೀತಿಯಲ್ಲಿದ್ದಾಗ ಅದರ ತವರು ಪಂದ್ಯಗಳಿಗೆ ಸರಾಸರಿ ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಸೇರುತ್ತಿದ್ದರು. ಡೋರ್ಟ್ಮುಂಡ್‌ನವರ ಮುಂದೆ ಶಾಲ್ಕೆಯನ್ನು ಹೊಗಳುವುದು ಸುಲಭವಲ್ಲ, ಆದರೆ ಈ ಒಂದು ವಿಷಯದಲ್ಲಿ ನನ್ನ ಸಹೋದ್ಯೋಗಿಗಳೂ ಎದುರಾಡುವುದಿಲ್ಲ.

ಬೆಂಗಳೂರು ಎಫ್‌ಸಿ ತಂಡಕ್ಕೂ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ನಿಷ್ಠಾವಂತ ಅಭಿಮಾನಿ ಬಳಗವಿದೆ. ಕಂಠೀರವದಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಪಥವಿದ್ದರೂ ಅವರು ಎದೆ ತುಂಬಿ ಹಾಡುತ್ತಾರೆ. ಪಂದ್ಯದ ದಿನ ಮತ್ತು ವೇಳೆಯನ್ನು ಗೊತ್ತುಮಾಡುವ ಮುನ್ನ, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಆ ಬಳಗದವರನ್ನು ಒಮ್ಮೆ ಕೇಳುವ ಪದ್ಧತಿ ನಮ್ಮ ಲೀಗಿನಲ್ಲೂ ಬರಬೇಕೆಂಬುದು ನನ್ನ ಆಸೆ.